ಮಂದಿ ಮಕ್ಕಳ ಮೇಲಿನ ಕರುಣೆ

ನಮ್ಮ ಸರ್ ತೀರಿಕೊಂಡ ಹದಿಮೂರನೆಯ ದಿನ ಶಾಲೆಯ ಪಟಾಂಗಣದಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ರಾಯಬಾಗ, ಕುಡಚಿ, ಅಥಣಿ ಎಂದು ಎಲ್ಲೆಲ್ಲಿಂದಲೋ ಹಳೆಯ ವಿದ್ಯಾರ್ಥಿಗಳು ಬಂದಿದ್ದರು. ಮಾತಾಡಿದವರೆಲ್ಲ ಒಂದೇ ಶಬ್ದವನ್ನು ಹಿಡಿದುಕೊಂಡಿದ್ದರು, ಕರುಣೆ. ಒಬ್ಬರು ಕರುಣಾಮಯಿ ಎಂದರೆ ಇನ್ನೊಬ್ಬರು ಕರುಣೆಯ ಸಾಗರ ಎಂದರು. ಮತ್ತೊಬ್ಬರು ಮರಾಠಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಅತ್ತರು. ನನ್ನ ಹೆಸರು ಕರೆದಾಗ ನಾನು ಗಂಟಲು ಕಟ್ಟಿದೆ ಎಂದು ಕೈಸನ್ನೆ ಮಾಡಿ ಕೂತುಬಿಟ್ಟೆ. ಗಂಟಲು ಚೆನ್ನಾಗಿಯೇ ಇತ್ತು. ನಾನು ಹೇಳಬೇಕಾಗಿದ್ದ ಮಾತನ್ನು ಹಾರ ಹಾಕಿದ ಫೋಟೋದ ಎದುರು ನಿಂತು ಹೇಳುವ ಹಾಗಿರಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ನನಗೆ ಎಂಟನೆಯ ಇಯತ್ತೆಯಿಂದ ಹತ್ತನೆಯ ಇಯತ್ತೆಯವರೆಗೆ ವಿಜ್ಞಾನ ಕಲಿಸಿದವರು. ನಾನು ಇವತ್ತು ಚಿಕ್ಕೋಡಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳಿ ಹೊಟ್ಟೆ ಹೊರೆಯುತ್ತಿದ್ದರೆ ಅದಕ್ಕೆ ಅವರೇ ಕಾರಣ. ಬೋರ್ಡಿನ ಮೇಲೆ ಬರೆಯುವ ಮುಂಚೆ ಸೀಮೆಸುಣ್ಣದ ಖಡುವನ್ನು ಒಮ್ಮೆ ಮುರಿದು ಸಣ್ಣ ತುಂಡನ್ನು ಜೇಬಿಗೆ ಹಾಕಿಕೊಳ್ಳುವುದು, ಪ್ರಶ್ನೆ ಕೇಳಿ ಉತ್ತರ ಬರುವ ತನಕ ಕಿಟಕಿಯಾಚೆ ನೋಡುತ್ತ ನಿಲ್ಲುವುದು, ತಪ್ಪು ಹೇಳಿದವನಿಗೆ "ಸಮೀಪ ಬಂದಿ, ಇನ್ನೊಂದ ಹೆಜ್ಜಿ" ಎನ್ನುವುದು, ಎಲ್ಲವೂ ಅವರದ್ದೇ ನಕಲು. ಒಬ್ಬರ ಮೇಲೆ ಸಿಟ್ಟು ಇಟ್ಟುಕೊಂಡು ದಿನಾಲೂ ಅವರದೇ ನಡಿಗೆ ನಡೆಯುವ ಫಜೀತಿ ನನ್ನದು.

ಕುಳ್ಳಗಿನ ಮನುಷ್ಯ. ಸೋಡಾ ಬಾಟಲಿಯ ತಳದಂಥ ದಪ್ಪ ಚಾಳೀಸು, ಅದು ಬಿದ್ದು ಒಡೆಯದಿರಲೆಂದು ಕಿವಿಯಿಂದ ಕಿವಿಗೆ ಕಟ್ಟಿದ ಕಪ್ಪು ದಾರ. ಒಂದು ಹಳೆಯ ಲೂನಾ ಮೊಪೆಡ್ಡು ಇತ್ತು. ಏರು ಬಂದರೆ ಅದರ ಮೇಲಿಂದ ಇಳಿದು ತಳ್ಳುತ್ತಿದ್ದರು. "ಅದಕ್ಕೂ ದಮ್ಮ ಹತ್ತತೈತೊ" ಎನ್ನುತ್ತಿದ್ದರು. ಇದು ತಮಾಷೆಯೋ ನಿಜವೋ ನಮಗೆ ಗೊತ್ತಾಗುತ್ತಿರಲಿಲ್ಲ. ಶಾಲೆಯ ಹಿಂದೆ ನಾಯಿಯೊಂದು ಮರಿ ಹಾಕಿದಾಗ ಎಲ್ಲಕ್ಕಿಂತ ಸಣ್ಣದನ್ನು ತಾಯಿಯೇ ಪಕ್ಕಕ್ಕೆ ದೂಡಿತ್ತು. ಹೆಡ್‌ಮಾಸ್ತರರು ಅಶಕ್ತ ಮರಿ ಎಂದು ಅದನ್ನು ಹಳ್ಳಕ್ಕೆ ಒಗೆದು ಬರಲು ಪ್ಯೂನನಿಗೆ ಹೇಳಿದ್ದರು. ಸರ್ ಅದನ್ನು ಕೈಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ದು ಪೆನ್ನಿಗೆ ಶಾಯಿ ತುಂಬುವ ಫಿಲ್ಲರಿನಿಂದ ಹಾಲು ಹಾಕಿ ಬದುಕಿಸಿದರು. ವರ್ಷ ಕಳೆದ ಮೇಲೆ ಅದು ಕರುವಿನಷ್ಟು ದಪ್ಪಗಾಗಿ, ಸರ್ ಹಿಂದೆಯೇ ಶಾಲೆಗೆ ಬಂದು, ಊರಿನವರನ್ನೆಲ್ಲ ಬಿಟ್ಟು ಹೆಡ್‌ಮಾಸ್ತರರ ಮೀನಖಂಡವನ್ನೇ ಹಿಡಿಯಿತು. ಸರ್ ಓಡಿಹೋಗಿ ಬಿಡಿಸಿದರು. ಕಚ್ಚಿಸಿಕೊಂಡವರನ್ನು ದವಾಖಾನೆಗೆ ಕರೆದುಕೊಂಡು ಹೋದವರೂ ಸರ್ ಅವರೇ. ವಾಪಸು ಬಂದು ಕ್ಲಾಸಿನಲ್ಲಿ ನಗದೆ ಹೇಳಿದರು, "ಅಶಕ್ತ ಅಂದಿದ್ರು. ಈಗ ಅವರ ಹೇಳಲಿ." ಆಮೇಲೆ ಒಂದು ತಾಸು ನಾವೆಲ್ಲ ನಕ್ಕೆವು.

ಜೀವವಿಕಾಸದ ಪಾಠ ಬಂದ ದಿನ ನನಗೆ ನಿನ್ನೆಯಂತೆ ನೆನಪಿದೆ. ಪರಿಸರಕ್ಕೆ ಹೊಂದಿಕೊಂಡದ್ದು ಉಳಿಯುತ್ತದೆ, ಹೊಂದದ್ದು ಅಳಿಯುತ್ತದೆ ಎಂದು ಅವರು ಹೇಳಿ ಮುಗಿಸಿದ್ದರು. ಭರಮಾ ಎದ್ದು ನಿಂತ. ಅವನ ಅಪ್ಪ ಖಿಲಾರಿ ಎತ್ತು ಸಾಕುವುದರಲ್ಲಿ ಸುತ್ತ ಹತ್ತೂರಿಗೆ ಹೆಸರಾದವನು.

"ಸರ, ಸೊಟ್ಟಕಾಲಿನ ಕರಾ ಹುಟ್ಟಿದ್ರ ತಳಿ ಕೆಡತೈತಿ ಅಂತ ನಮ್ಮಪ್ಪ ಇಟ್ಕೊಳ್ಳೂದಿಲ್ರಿ. ಮನಷ್ಯಾರೊಳಗ ಕುಂಟರು, ಕುರುಡರು, ಕೆಪ್ಪರು ಅಂತ ಎಲ್ಲಾರ್ನೂ ಸಾಕತೇವಲ್ರಿ, ನಮ್ಮ ತಳಿ ಕೆಡೂದಿಲ್ಲೇನ್ರಿ?"

ಅವನದು ಕುಹಕವಲ್ಲ, ನಿಜವಾದ ಸಂಶಯ. ಆದರೆ ಇಡೀ ಕ್ಲಾಸು ತಿರುಗಿ ನನ್ನ ಕಡೆ ನೋಡಿತು. ನನ್ನ ತಂಗಿ ಸವಿತಾ ಹುಟ್ಟುಕಿವುಡಿ ಎಂಬುದು ಎಲ್ಲರಿಗೂ ಗೊತ್ತಿತ್ತು. ನನ್ನ ಕಿವಿ ಬಿಸಿಯಾದದ್ದು ಈಗಲೂ ನೆನಪಿದೆ.

ಸರ್ ಕಿಟಕಿಯಾಚೆ ನೋಡಿದರು. "ಚಲೋ ಕೇಳಿದಿ. ಈಗ ಒಂದ ಕೆಲಸ ಮಾಡ್ರಿ. ಯಾರರೆ ನೋಡಿಕೊಳ್ಳಲಿಲ್ಲ ಅಂದಿದ್ರ ಇಷ್ಟೊತ್ತಿಗೆ ಸತ್ತಿರತಿದ್ನಿ ಅನ್ನಾವ್ರು ಎದ್ದ ನಿಂದರ್ರಿ."

ಮೊದಲು ಯಾರೂ ಏಳಲಿಲ್ಲ. ಆಮೇಲೆ ಹಾವು ಕಚ್ಚಿಸಿಕೊಂಡಿದ್ದವನು ಎದ್ದ. ಕಾಮಣಿ ರೋಗ ಆಗಿದ್ದವಳು ಎದ್ದಳು. ಏಳು ತಿಂಗಳಿಗೇ ಹುಟ್ಟಿ ಅರಳೆಯಲ್ಲಿ ಸುತ್ತಿಟ್ಟು ಬೆಳೆಸಿದವನು, ಕಾಲುವೆಗೆ ಬಿದ್ದವನು, ಹೊಟ್ಟೆ ಕೊಯ್ಸಿಕೊಂಡವನು, ಹೀಗೆ ಒಬ್ಬೊಬ್ಬರಾಗಿ ಎದ್ದರು. ಸರ್ ತಾವೂ ಚಾಳೀಸು ತೆಗೆದರು. "ಇದನ್ನ ತಗದ್ರ ನನಗ ಬಾಗಲಾನ ಕಾಣೂದಿಲ್ಲ. ಹುಲಿ ಬಂದ್ರ ಸಾಹೇಬ್ರು ಬಂದ್ರಂತ ನಮಸ್ಕಾರ ಮಾಡತಿದ್ನಿ." ಕೊನೆಗೆ ಕೂತಲ್ಲಿ ಉಳಿದವನು, ಪ್ರಶ್ನೆ ಕೇಳಿ ಕೂತಿದ್ದ ಭರಮಾ ಒಬ್ಬನೇ.

"ಭರಮಾ, ಕರಾ ಹುಟ್ಟಿ ಎಷ್ಟೊತ್ತಿಗೆ ಎದ್ದ ನಿಲ್ಲತೈತೊ?"

"ತಾಸಿನೊಳಗ ನಿಲ್ಲತೈತ್ರಿ."

"ನೀ ಎಷ್ಟೊತ್ತಿಗೆ ನಿಂತಿ?"

"ವರ್ಷ ಆತಂತ್ರಿ."

"ಅಲ್ಲೀತನಕ ಯಾರ ಹೊತಗೊಂಡ ತಿರಗಿದ್ರು?"

"ನಮ್ಮವ್ವರಿ."

"ಹಂಗಾರ ನೀನೂ ಏಳ."

ಎಲ್ಲರೂ ನಿಂತಿದ್ದಾಗ ಅವರು ಹೇಳಿದ ಮಾತನ್ನು ನಾನು ಇಪ್ಪತ್ತು ವರ್ಷಗಳಿಂದ ನನ್ನ ವಿದ್ಯಾರ್ಥಿಗಳಿಗೆ ನನ್ನದೇ ಎಂಬಂತೆ ಹೇಳುತ್ತ ಬಂದಿದ್ದೇನೆ. "ನಿಸರ್ಗ ಅಂದ್ರ ಮಳಿ ಇದ್ದಂಗ, ಬೀಳತೈತಿ. ಬೀಳತೈತಿ ಅಂತ ಗೊತ್ತಾದ್ರ ತೊಯಸ್ಕೊಳ್ಳಾಕ ಬೇಕು ಅಂತ ಕಾನೂನ ಇಲ್ಲ. ಛತ್ರಿ ಹಿಡೀತೇವಿ. ಛತ್ರಿ ಹಿಡಿಯೂ ಬುದ್ಧೀನೂ ನಿಸರ್ಗನ ಕೊಟ್ಟದ್ದು. ಕರುಣಾ ಇಲ್ಲದ ಮಂದೀದು ಕೂಸು ಉಳೀಲಿಲ್ಲ. ನಾವೆಲ್ಲ ಕರುಣಾ ಇದ್ದವರ ಮಕ್ಕಳು. ಅದಕ್ಕ ಇದ್ದೇವಿ." ಆಮೇಲೆ ನನ್ನ ಕಡೆ ನೋಡಲೇ ಇಲ್ಲ. ನನಗೋಸ್ಕರ ಹೇಳಿದರೆಂದು ಯಾರಿಗೂ ಅನ್ನಿಸಬಾರದೆಂದು ನೋಡಲಿಲ್ಲ. ಅಂಥ ನಾಜೂಕು ಅವರದು.

ಅಷ್ಟು ಹೊತ್ತಿಗಾಗಲೇ ಅವರು ನಮ್ಮ ಮನೆಗೆ ಬರುವುದು ಶುರುವಾಗಿ ಎರಡು ವರ್ಷವಾಗಿತ್ತು. ನಾನು ಎಂಟನೆಯಲ್ಲಿದ್ದಾಗ ಮೂರು ದಿನ ಶಾಲೆ ತಪ್ಪಿಸಿದ್ದೆ. ಯಾಕೆಂದು ಕೇಳಿದರು. ಅವ್ವನ ಜೊತೆ ತಂಗಿಯನ್ನು ಮಿರಜದ ದವಾಖಾನೆಗೆ ಒಯ್ದಿದ್ದೆವು, ಕಿವಿ ಬರುವುದಿಲ್ಲ ಅಂದರು ಎಂದೆ. ಅದೇ ಸಂಜೆ ಉಗಾರ ಬುದ್ರುಕದ ನಮ್ಮ ತೋಟದ ಮನೆಯ ಮುಂದೆ ಲೂನಾ ಬಂದು ನಿಂತಿತು. ಸವಿತಾಳಿಗೆ ಆಗ ಏಳು ವರ್ಷ. ಮಾತಿಲ್ಲ, ಬರೇ ಚೀರುತ್ತಿದ್ದಳು. ಊರವರು ಹುಚ್ಚಿ ಎನ್ನುತ್ತಿದ್ದರು. ಸರ್ ಜಗುಲಿಯ ಮೇಲೆ ಅವಳೆದುರು ಕೂತು, ಅವಳ ಕೈಯನ್ನು ತಮ್ಮ ಗಂಟಲಿನ ಮೇಲೆ ಇಟ್ಟುಕೊಂಡು, "ಅವ್ವ" ಎಂದರು. ಗಂಟಲು ನಡುಗಿದ್ದು ಕೈಗೆ ಗೊತ್ತಾಗಿ ಅವಳು ಕೈ ಕಿತ್ತುಕೊಂಡಳು. ಆಮೇಲೆ ತಾನೇ ತಿರುಗಿ ಇಟ್ಟಳು.

ಅದಾದ ಮೇಲೆ ವಾರಕ್ಕೆ ನಾಲ್ಕು ಸಂಜೆ. ಒಂದು ಪುಸ್ತಕ ತರಿಸಿಕೊಂಡು ಓದಿ, ಉಳಿದದ್ದನ್ನು ತಾವೇ ಹುಡುಕಿಕೊಂಡು ಕಲಿಸಿದರು. 'ಪ' ಎಂದರೂ 'ಮ' ಎಂದರೂ ತುಟಿ ಒಂದೇ ರೀತಿ ಕೂಡುತ್ತದಲ್ಲ, ಅದಕ್ಕೆ ಅವರು ಅವ್ವನ ಹತ್ತಿರ ಜೋಳದ ಹಿಟ್ಟು ಇಸಿದುಕೊಂಡು ಅವಳ ಅಂಗೈ ಮೇಲೆ ಚಿಟಿಕೆ ಇಡುತ್ತಿದ್ದರು. 'ಪ' ಎಂದರೆ ಹಿಟ್ಟು ಹಾರಬೇಕು, 'ಮ' ಎಂದರೆ ಹಾರಬಾರದು. ಸಂಜೆಯಾದರೆ ಜಗುಲಿಯೆಲ್ಲ ಬೆಳ್ಳಗೆ. "ರೊಟ್ಟಿಗಿಂತ ಮಾತಿಗ ಹೆಚ್ಚ ಹಿಟ್ಟು ಖರ್ಚ ಆಗಾಕತ್ತೈತಿ" ಎಂದು ಅವ್ವ ಗೊಣಗುತ್ತಲೇ ಡಬ್ಬಿ ತಂದಿಡುತ್ತಿದ್ದಳು. ಒಂದೂವರೆ ವರ್ಷಕ್ಕೆ ಸವಿತಾ "ಅಪ್ಪ" ಎಂದಾಗ ಹಿಟ್ಟು ಸರ್ ಚಾಳೀಸಿನ ತುಂಬ ಹಾರಿತು. ಅವರು ಅದನ್ನು ಒರೆಸಿಕೊಳ್ಳದೆ ಹಾಗೆಯೇ ಕೂತಿದ್ದರು. ಮುಂದೆ ಶಾಲೆಗೆ ಸೇರಿಸಿಕೊಳ್ಳುವುದಿಲ್ಲ ಎಂದವರ ಜೊತೆ ಜಗಳಾಡಿ ಸೇರಿಸಿದವರೂ ಅವರೇ. ಅವಳು ಹತ್ತನೆಯದನ್ನು ಪಾಸು ಮಾಡಿದಳು. ಅವಳ ದನಿ ಇವತ್ತಿಗೂ ಗಡುಸು, ಏರಿಳಿತವಿಲ್ಲ, ಬೇಕಾದದ್ದಕ್ಕಿಂತ ಜೋರು. ಆದರೆ ಮಾತು ಮಾತೇ. ಅದು ಸರ್ ಕೊಟ್ಟದ್ದು. ಇದನ್ನು ಅಲ್ಲಗಳೆಯುವಷ್ಟು ಕೃತಘ್ನ ನಾನಲ್ಲ.

ಇನ್ನೊಂದು ಸಂಗತಿಯನ್ನೂ ಅದೇ ಜಗುಲಿಯ ಮೇಲೆಯೇ ಹೇಳಿದರು. ನಮ್ಮ ಅವ್ವನಿಗೆ ನಮ್ಮ ಅಪ್ಪ ಸೋದರಮಾವನೇ ಆಗಬೇಕು. ನಮ್ಮ ಕಡೆ ಇದೇನೂ ಹೊಸದಲ್ಲ. ಕಬ್ಬಿನ ಹೊಲ ಮನೆ ಬಿಟ್ಟು ಹೊರಗೆ ಹೋಗಬಾರದು, ಮಗಳು ಕಣ್ಣೆದುರಿಗೆ ಇರಬೇಕು. ಅವ್ವನ ಅವ್ವನನ್ನೂ ಹಾಗೆಯೇ ಒಳಗೊಳಗೇ ಕೊಟ್ಟಿದ್ದರು. ಆದರೆ ಸವಿತಾಳ ಕಿವಿಗೆ ಮಾತ್ರ ಬೇರೆ ಕಾರಣ ಹುಡುಕಿದ್ದರು. ಅವ್ವ ಬಸಿರಿದ್ದಾಗ ಗ್ರಹಣದ ಹೊತ್ತಿನಲ್ಲಿ ನಿದ್ದೆ ಹೋಗಿದ್ದಳಂತೆ, ಅದಕ್ಕೆ ಹೀಗಾಯಿತಂತೆ. ಏಳು ವರ್ಷ ಅವ್ವ ಆ ನಿದ್ದೆಯ ಅಪರಾಧವನ್ನು ಹೊತ್ತಿದ್ದಳು.

ಸರ್ ಒಂದು ಹಾಳೆ ತೆಗೆದು ಗಂಡಸರಿಗೆ ಚೌಕ, ಹೆಂಗಸರಿಗೆ ದುಂಡು ಬರೆಯುತ್ತ ಅವ್ವನನ್ನು ಒಂದೊಂದೇ ಕೇಳಿದರು. ಅವ್ವ ತಡವರಿಸಿ, ಸೆರಗು ಬಾಯಿಗಿಟ್ಟುಕೊಂಡು, ನಮಗೂ ಗೊತ್ತಿಲ್ಲದ್ದನ್ನು ಹೇಳಿದಳು. ಅವಳಿಗೊಬ್ಬ ಮೂಕ ತಮ್ಮನಿದ್ದ. ಮನೆಗೆ ಬೀಗರು ಬಂದರೆ ಅವನನ್ನು ಆಳುಮಗ ಎಂದು ತೋರಿಸುತ್ತಿದ್ದರು. ಸಾಯುವ ತನಕ ದನದ ಕೊಟ್ಟಿಗೆಯಲ್ಲಿಯೇ ಇದ್ದ. "ನಮ್ಮ ತಮ್ಮ ಅಂತ ಯಾರ ಮುಂದೂ ಅಂದಿಲ್ರಿ ಸರ. ಇವತ್ತ ಅಂದೆ ನೋಡ್ರಿ."

ಸರ್ ಎರಡು ಆಕೃತಿಗೆ ಕಪ್ಪು ತುಂಬಿದರು. ಮಾಮಾನ ಚೌಕ, ತಂಗಿಯ ದುಂಡು. ಆಮೇಲೆ ಹೇಳಿದರು, "ಅಕ್ಕಾರ, ಗ್ರಹಣಕ್ಕ ಇದಕ್ಕ ಸಂಬಂಧ ಇಲ್ಲ. ಒಂದ ನಮೂನಿ ಬೀಜ ಎರಡೂ ಕಡಿಂದ ಬಂದ ಕೂಡೈತಿ, ಅಷ್ಟ. ನಿಮ್ಮ ತಪ್ಪ ಅಲ್ಲ. ಮುಂದ ಸವಿತಾನ್ನ ಹೊರಗಿನವರಿಗೆ ಕೊಡ್ರಿ, ಸಂಬಂಧದಾಗ ಬ್ಯಾಡ. ಅಂಜಬ್ಯಾಡ್ರಿ. ಈ ಹಾಳಿ ನನ್ನ ಹತ್ರನ ಇರತೈತಿ."

ಅವ್ವ ಅಂದು ರೊಟ್ಟಿ ಬಡಿಯುತ್ತ ಹಾಡಿಕೊಂಡದ್ದನ್ನು ನಾನು ಕೇಳಿದ್ದೇನೆ. ಅವಳು ಹಾಡುತ್ತಾಳೆಂದೇ ನನಗೆ ಗೊತ್ತಿರಲಿಲ್ಲ.

ವರ್ಷಗಳು ಉರುಳಿದವು. ಅಪ್ಪ ತೀರಿಕೊಂಡರು. ನನಗೆ ನೌಕರಿ ಸಿಕ್ಕಿತು. ಸರ್ ನಿವೃತ್ತರಾಗಿ ರಾಯಬಾಗದಲ್ಲಿ ಮನೆ ಕಟ್ಟಿಸಿಕೊಂಡರು. ಸವಿತಾ ಮದುವೆಯ ಬ್ಲೌಸುಗಳಿಗೆ ಜರಿ, ಮಣಿ ಹೆಣೆಯುವ ಕೆಲಸ ಕಲಿತಳು. ಅಥಣಿ, ನಿಪ್ಪಾಣಿಯಿಂದೆಲ್ಲ ಅವಳಿಗೆ ಕೆಲಸ ಬರುತ್ತಿತ್ತು. ಸರ್ ಅವಳನ್ನು ಶಿಕ್ಷಕರ ಸಭೆಗಳಿಗೆ ಕರೆದೊಯ್ದು ವೇದಿಕೆ ಹತ್ತಿಸಿ, "ಮಾತಾಡವ್ವಾ" ಎನ್ನುತ್ತಿದ್ದರು. ಅವಳಿಗೆ ಅದು ಇಷ್ಟವಿರಲಿಲ್ಲ. ಸರ್ ಹೇಳಿದರು ಎಂದು ಹೋಗುತ್ತಿದ್ದಳು.

ಅವರ ಮಗ ರಾಯಬಾಗದಲ್ಲಿ ಹನಿ ನೀರಾವರಿಯ ಪೈಪು ಮಾರುವ ಅಂಗಡಿ ಇಟ್ಟಿದ್ದ. ನಮ್ಮ ಹೊಲಕ್ಕೆ ಪೈಪು ಹಾಕಿಸಲು ಬಂದವನು ಕೆಲಸ ಮುಗಿದ ಮೇಲೂ ಬರತೊಡಗಿದ. ಅವಳ ಜೊತೆ ವೀಡಿಯೊ ಕಾಲಿನಲ್ಲಿ ತಾಸುಗಟ್ಟಲೆ ಮಾತು. ಅವನು ತುಟಿ ಅಲುಗಿಸುತ್ತಿದ್ದ, ಅವಳು ನಗುತ್ತಿದ್ದಳು. ಒಂದು ದಿನ ನೇರವಾಗಿ ಬಂದು ಅವ್ವನ ಮುಂದೆ ಕೂತು, "ಕಾಕೂ, ನಾ ಸವಿತಾನ್ನ ಮಾಡ್ಕೋಬೇಕಂತ ಮಾಡೀನ್ರಿ" ಎಂದ. ಅವರು ಜಾತಿಯಿಂದ ನಮ್ಮವರೇ, ಆದರೆ ನಮ್ಮೊಂದಿಗೆ ಹಿಂದೆಂದೂ ಕೊಟ್ಟು ತಂದವರಲ್ಲ. ಸರ್ ಹೇಳಿದ ಹಾಗೆ ಪೂರಾ ಹೊರಗಿನವರು. ಅವ್ವ ಅವನ ಮುಂದೆ ಬೆಲ್ಲದ ತಟ್ಟೆ ಸರಿಸಿದಳು. ಸರ್ ಫೋನಿನಲ್ಲಿ "ನೋಡೂಣಂತ" ಎಂದರು. ನಾವು ಅದನ್ನು ಹೌದು ಎಂದೇ ತಿಳಿದೆವು. ಬೇರೆ ಯಾರ ಬಾಯಲ್ಲಿ ಬಂದಿದ್ದರೂ ಆ ಮಾತಿನ ಅರ್ಥ ನಮಗೆ ಆಗಿರುತ್ತಿತ್ತು.

ಅದಾಗಿ ತಿಂಗಳೊಳಗೆ ಅಥಣಿಯಲ್ಲಿ ಎರಡೂ ಮನೆಯವರಿಗೆ ಪರಿಚಯದವರ ಮದುವೆ. ಮಂಗಲ ಕಾರ್ಯಾಲಯದೊಳಗೆ ಬ್ಯಾಂಡು, ಜೊತೆಗೆ ಡಿಜೆ. ಪಕ್ಕದವರು ಕೂಗಿದರೂ ಕೇಳದಂಥ ಗದ್ದಲ. ನಾನು ಊಟದ ಸಾಲಿನಲ್ಲಿದ್ದೆ. ಸವಿತಾ ಹೆಂಗಸರ ಕಡೆ ಕೂತಿದ್ದಳು. ಎದುರಿನ ಗೋಡೆಯ ಹತ್ತಿರ ಸರ್ ತಮ್ಮ ಹೆಂಡತಿಯ ಅಣ್ಣನ ಕಿವಿಗೆ ಬಾಯಿ ಹಚ್ಚಿ ಮಾತಾಡುತ್ತಿದ್ದರು. ಗದ್ದಲಕ್ಕಾಗಿ ಒಂದೊಂದೇ ಶಬ್ದವನ್ನು ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಆ ಇಡೀ ಕಾರ್ಯಾಲಯದಲ್ಲಿ ದೂರದಿಂದಲೇ ತುಟಿ ನೋಡಿ ಅವರ ಮಾತು ಗೊತ್ತಾಗುವಂತಿದ್ದವಳು ಒಬ್ಬಳೇ, ಅವರೇ ಕಲಿಸಿದವಳು. ಅದು ಅವರಿಗೆ ನೆನಪಾಗಲಿಲ್ಲ.

ವಾಪಸು ಬರುವಾಗ ಕಾಗವಾಡದಲ್ಲಿ ಬಸ್ಸು ಬದಲಿಸಬೇಕಿತ್ತು. ಕಲ್ಲಿನ ಕಟ್ಟೆಯ ಮೇಲೆ ಕೂತಾಗ ಸವಿತಾ ನನ್ನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು ದನಿಯಿಲ್ಲದೆ ಬರೇ ತುಟಿ ಅಲುಗಿಸಿದಳು. ಸರ್ ತುಟಿ ಹೇಗೆ ಆಡುತ್ತದೋ ಹಾಗೆಯೇ. ನನಗೆ ತಿಳಿಯಲಿಲ್ಲ. ಆಗ ಅವಳು ಬಾಯಿಬಿಟ್ಟು ತನ್ನ ಗಡುಸು ದನಿಯಲ್ಲಿ, ಸ್ಟ್ಯಾಂಡಿನ ಮಂದಿಯೆಲ್ಲ ತಿರುಗಿ ನೋಡುವ ಹಾಗೆ ಹೇಳಿದಳು.

"ಹುಡುಗಿ ಬಂಗಾರ. ಬೀಜ ಚಲೋ ಇಲ್ಲ. ಅವರವ್ವನ ತಮ್ಮನೂ ಮೂಕ. ಆಳುಮಗ ಅಂತ ಮುಚ್ಚಿ ಇಟ್ಟಿದ್ರು. ಇಲ್ಲಿ ನೋಡ್ರಿ."

ಇಲ್ಲಿ ನೋಡ್ರಿ ಎನ್ನುವಾಗ ಸರ್ ಜೇಬಿನಿಂದ ಚೌಕ, ದುಂಡು ಬರೆದ ಹಾಳೆಯೊಂದನ್ನು ತೆಗೆದು ಬಿಚ್ಚಿ ತೋರಿಸಿದರಂತೆ.

"ನಿನಗ ತಪ್ಪ ಕಂಡಿರಬೇಕ ಬೇ" ಎಂದೆ. ಹಾಗೆ ಆಗಿರಲಿ ಎಂಬ ಆಸೆಯಿಂದ ಅಂದೆ.

"ಬ್ಯಾರೆದವರದ ತಪ್ಪ ಕಾಣತೈತಿ. ಸರ್‌ದು ತಪ್ಪ ಕಾಣೂದಿಲ್ಲ ಅಣ್ಣಾ."

ಮುಂದಿನ ರವಿವಾರ ಬೆಳಿಗ್ಗೆ ರಾಯಬಾಗಕ್ಕೆ ಹೋದೆ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. ನನ್ನನ್ನು ನೋಡಿ ಒಳಗೆ ಚಹಾ ಹೇಳಿದರು. ಚಹಾ ಬಂತು. ನಾನು ಮುಟ್ಟಲಿಲ್ಲ.

"ಸರ, ಹೊರಗಿನವರಿಗೆ ಕೊಟ್ರ ಅಂಜಿಕಿ ಇಲ್ಲ ಅಂತ ನೀವ ಹೇಳಿದ್ರಿ."

"ಹೌದು, ಹೇಳಿದ್ನಿ."

"ನೀವು ಹೊರಗಿನವರ ಹೌದಲ್ರಿ?"

"ಹೌದು."

"ಹಂಗಾರ ಶಾಸ್ತ್ರದ ಪ್ರಕಾರ ಅಂಜಿಕಿ ಎಷ್ಟ ಐತ್ರಿ?"

ಅವರು ಕಿಟಕಿ ಹುಡುಕಿದರು. ಅಂಗಳದಲ್ಲಿ ಕಿಟಕಿ ಇರಲಿಲ್ಲ. "ಭಾಳ ಕಡಿಮಿ. ಖರೆ, ಕಡಿಮಿ ಅಂದ್ರ ಇಲ್ಲ ಅಂತಲ್ಲಲೊ."

"ಭರಮಾಗ ನೀವು ಏನ್ ಹೇಳಿದ್ರಿ ಸರ? ಇಡೀ ಕ್ಲಾಸ ನಿಲ್ಲಿಸಿ?"

"ಹೇಳಿದ್ನಿ. ಅದು ಖರೇನೂ ಐತಿ." ಅವರ ದನಿ ಸಣ್ಣದಾಯಿತು. "ಅದು ಮಂದಿ ಮಕ್ಕಳ ಮ್ಯಾಲಿನ ಮಾತು. ಇದು ನನ್ನ ಮಗಂದು."

ತಾವಾಗಿಯೇ ಮುಂದುವರಿಸಿದರು. "ಹಿಟ್ಟು ಊದಿಸಿದಾಂವ ನಾನು. ಒಂದ 'ಪ' ಸಲವಾಗಿ ಆ ಹುಡಿಗಿ ಎಷ್ಟ ಅತ್ತಾಳಂತ ನಿನಗ ಗೊತ್ತಿಲ್ಲ, ನನಗ ಗೊತ್ತೈತಿ. ಅಂಥಾದ್ದು ಇನ್ನೊಂದ ಕೂಸಿಗೆ ಬರಬಾರದು ಅಂದ್ರ ಅದೂ ಕರುಣಾನ ಅಲ್ಲೇನು?"

ಈ ಮಾತನ್ನು ನಾನು ಇವತ್ತಿಗೂ ತಿರುಗಿಸಿ ತಿರುಗಿಸಿ ನೋಡುತ್ತೇನೆ. ಇನ್ನೂ ಹುಟ್ಟದ ಕೂಸಿನ ಮೇಲೆ ಕರುಣೆ ತೋರಿಸಲು, ಹುಟ್ಟಿ ಕಣ್ಣೆದುರು ಬೆಳೆದವಳನ್ನು ಪಕ್ಕಕ್ಕೆ ದೂಡಬಹುದೇ? ಇದು ಛತ್ರಿಯೋ, ಮಳೆಯೋ? ಅದೇನೇ ಇರಲಿ, ಆ ಹಾಳೆ? ಅದನ್ನು ತೋರಿಸದೆಯೂ ಬೇಡ ಎನ್ನಬಹುದಿತ್ತಲ್ಲ. ನನಗೆ ಸಿಟ್ಟು ಬಂದದ್ದು ಅಲ್ಲಿ. ನಮ್ಮವ್ವ ಒಡಹುಟ್ಟಿದವನನ್ನು ಆಳುಮಗ ಎಂದ ಪಾಪವನ್ನು ಜೀವಮಾನದಲ್ಲಿ ಒಬ್ಬರ ಮುಂದೆ ಬಿಚ್ಚಿದ್ದಳು, ನಿನ್ನ ತಪ್ಪಲ್ಲ ಎಂದು ಹೇಳಿಸಿಕೊಂಡಿದ್ದಳು. ಆ ಒಬ್ಬರು ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಮದುವೆಮನೆಗೆ ಒಯ್ದರು. ನಾನು ಅದನ್ನೇ ಕೇಳಿದೆ. ಅವರು ಚಾಳೀಸು ತೆಗೆದು ಧೋತರದ ಅಂಚಿನಿಂದ ಒರೆಸಿಕೊಂಡರು. ಚಾಳೀಸು ಇಲ್ಲದಿದ್ದರೆ ಅವರಿಗೆ ನಾನು ಕಾಣುವುದಿಲ್ಲ ಎಂದು ನನಗೆ ಗೊತ್ತಿತ್ತು.

"ನಮ್ಮ ಮನಿಯಾಕಿ ಅಣ್ಣಾರು ನಂಬತಿದ್ದಿಲ್ಲ. ಪುರಾವೆ ಕೇಳಿದ್ರು" ಎಂದರು.

ನಾನು ಎದ್ದು ಬಂದೆ. ಅವರ ಮಗ ಫೋನು ಮಾಡುವುದು ಬಿಟ್ಟ. ವರ್ಷ ತುಂಬುವ ಮುಂಚೆ ಅವನ ಲಗ್ನದ ಪತ್ರಿಕೆ ಬಂತು. ಮೇಲೆ ಸರ್ ಕೈಬರಹದಲ್ಲಿಯೇ ನಮ್ಮ ಹೆಸರು. ನಾವು ಹೋಗಲಿಲ್ಲ. ಅವ್ವ ಎಂದೂ ಬಾಯಿಬಿಟ್ಟು ಬೈಯಲಿಲ್ಲ, ಆದರೆ ರೊಟ್ಟಿ ಬಡಿಯುವಾಗ ಹಾಡುವುದನ್ನು ಬಿಟ್ಟಳು. ಸವಿತಾ ಅತ್ತದ್ದನ್ನು ನಾನು ನೋಡಲಿಲ್ಲ. ಸರ್ ಎರಡು ಸಲ ಹಬ್ಬಕ್ಕೆಂದು ನಮ್ಮ ಮನೆಗೆ ಬಂದರು. ಎರಡೂ ಸಲ ಅವಳು ನೀರು ಕೊಟ್ಟಳು, ಮಾತು ಮಾತ್ರ ಆಡಲಿಲ್ಲ. ತಾವು ಕಲಿಸಿದ್ದನ್ನು ತಮ್ಮ ಮುಂದೆಯೇ ನಿಲ್ಲಿಸಿದಳಲ್ಲ, ಅದು ಅವರಿಗೆ ಚೆನ್ನಾಗಿಯೇ ಅರ್ಥವಾಗಿತ್ತು.

ಎರಡು ವರ್ಷದ ಮೇಲೆ ಸವಿತಾ ತಾನೇ ಗಂಡನ್ನು ಹುಡುಕಿಕೊಂಡಳು. ನಿಪ್ಪಾಣಿಯಲ್ಲಿ ಫ್ಲೆಕ್ಸ್ ಬ್ಯಾನರು ಮಾಡುವ ಅಂಗಡಿಯಲ್ಲಿ ಕೆಲಸ ಮಾಡುವ ಸಚಿನ. ಅವನೂ ಹುಟ್ಟುಕಿವುಡ. ಕೈಯಿಂದ ಮಾತಾಡುವವರ ಮೊಬೈಲ್ ಗುಂಪಿನಲ್ಲಿ ಪರಿಚಯವಾದದ್ದು. ಅವ್ವ ಹೌಹಾರಿದಳು. ನಾನೂ ಒಳಗೊಳಗೆ ಚೌಕ, ದುಂಡು ಬರೆದು ನೋಡಿದೆ. ಸುಳ್ಳು ಯಾಕೆ ಹೇಳಲಿ. "ಇನ್ನೊಮ್ಮೆ ಯೋಚನಿ ಮಾಡು" ಎಂದೆ.

"ಅವನ ಜೋಡಿ ಮಾತಾಡಾಕ ನಾ ಹಿಟ್ಟು ಊದೂದ ಬೇಕಾಗಿಲ್ಲ" ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಗಂಡುಮಗು ಹುಟ್ಟಿತು. ಏಳನೆಯ ತಿಂಗಳಿಗೆ ಜಾವಳ ಇಟ್ಟುಕೊಂಡೆವು. ಕೂಸಿನ ಮೊದಲ ಕೂದಲನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿ ತೆಗೆಸುವುದು ನಮ್ಮಲ್ಲಿನ ಪದ್ಧತಿ. ಹಾಗಾಗಿ ಅಂಗಳದ ಮಣೆಯ ಮೇಲೆ ಕೂಸನ್ನು ಎತ್ತಿಕೊಂಡು ನಾನು ಕೂತಿದ್ದೆ. ಎದುರಿಗೆ ಕ್ಷೌರದವರು ನೀರು, ಕತ್ತರಿ ಇಟ್ಟುಕೊಳ್ಳುತ್ತಿದ್ದರು. ಅವರ ಪಕ್ಕದಲ್ಲಿ ಸವಿತಾ, ಸಚಿನ ನಿಂತಿದ್ದರು. ಅವ್ವನಿಗೆ ಯಾರ ಮೇಲೂ ಬಹಳ ದಿನ ಸಿಟ್ಟು ನಿಲ್ಲುವುದಿಲ್ಲ, ಸರ್‌ಗೂ ಹೇಳಿಕಳಿಸಿದ್ದಳು. ಅವರು ಕೂಸಿಗೆಂದು ಬೆಳ್ಳಿಯ ಉಡದಾರ ಹಿಡಿದುಕೊಂಡು ಬಂದರು. ವಯಸ್ಸಾಗಿತ್ತು, ಬೆನ್ನು ಬಾಗಿತ್ತು. ನನ್ನ ಹಿಂದಿನಿಂದ ಬಂದು ನಿಂತರು.

ನನ್ನ ಕಿವಿಯ ಹತ್ತಿರ ಚಟ್ ಎಂದು ಚಿಟಿಕೆ ಹೊಡೆದ ಸದ್ದಾಯಿತು. ಕೂಸು ಗಕ್ಕನೆ ಹಿಂದಕ್ಕೆ ಕತ್ತು ತಿರುಗಿಸಿ ಅವರ ಚಾಳೀಸು ನೋಡಿ ನಕ್ಕಿತು.

"ಕೇಳಸತೈತಿ! ಅಕ್ಕಾರ, ಕೂಸಿಗೆ ಕೇಳಸತೈತಿ!" ಎಂದರು ಸರ್. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಬಹಳ ವರ್ಷದಿಂದ ಕಂಡಿರಲಿಲ್ಲ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಎದುರಿಗೆ ನಿಂತಿದ್ದ ಸವಿತಾ ಎಲ್ಲವನ್ನೂ ನೋಡಿದಳು. ಚಿಟಿಕೆಯ ಬೆರಳು, ಕೂಸಿನ ಕತ್ತು, ಸರ್ ಮುಖದ ಮೇಲಿನ ನಿರಾಳ. ಹತ್ತಿರ ಬಂದು, ಎಷ್ಟೋ ವರ್ಷದ ಮೇಲೆ ಅವರೊಂದಿಗೆ ಬಾಯಿಬಿಟ್ಟು ಮಾತಾಡಿದಳು.

"ತಿರಗದಿದ್ರ?"

ಸರ್ ಅರ್ಥವಾಗದವರಂತೆ ನೋಡಿದರು. ಅವಳು ಇನ್ನಷ್ಟು ನಿಧಾನವಾಗಿ, ತುಟಿ ಬಿಡಿಸಿ ಬಿಡಿಸಿ, ಕೂಸಿಗೆ ಕಲಿಸುವವರ ಹಾಗೆ ಕೇಳಿದಳು, "ಸರ, ಕೂಸು ತಿರಗದಿದ್ರ ಏನ್ ಮಾಡತಿದ್ರಿ?"

ಸರ್ ಕೈಯಲ್ಲಿದ್ದ ಉಡದಾರವನ್ನು ನೋಡಿಕೊಂಡರು. ಆಮೇಲೆ, ಹೇಗಾದರೂ ಒಂದು ಮಾತು ಎತ್ತಿಕೊಡು ಎನ್ನುವ ಹಾಗೆ, ನನ್ನ ಕಡೆ ನೋಡಿದರು. ಸವಿತಾಳೂ ನನ್ನ ಕಡೆಯೇ ನೋಡಿದಳು.

"ನೀನೂ ತಾಟು ಬಡದ ನೋಡಿದ್ಯಲ್ಲ ಅಣ್ಣಾ. ತೊಟ್ಟಿಲದ ಹಿಂದ ನಿಂತು. ನಾ ಕನ್ನಡಿಯೊಳಗ ಕಂಡೀನಿ."

ಬಡಿದಿದ್ದೆ. ತೊಟ್ಟಿಲಿಗೆ ಹಾಕಿದ ವಾರವೇ, ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು, ಸ್ಟೀಲಿನ ತಾಟು ಬಡಿದು ನೋಡಿದ್ದೆ. ಕೂಸು ಬೆಚ್ಚಿಬಿದ್ದಾಗ ನನ್ನ ಮುಖವೂ ಹೀಗೆಯೇ ಅರಳಿರಬೇಕು.

ಸವಿತಾ ಬಗ್ಗಿ ಕೂಸನ್ನು ನನ್ನ ತೊಡೆಯ ಮೇಲಿಂದ ಎತ್ತಿಕೊಂಡಳು. ಸಚಿನನಿಗೆ ಕೈಯಿಂದ ಏನೋ ಹೇಳಿದಳು. ನಾನು ಮಣೆಯಿಂದ ಎದ್ದೆ, ಅವನು ಬಂದು ಅಲ್ಲಿ ಕೂತ. ಅವಳು ಕೂಸನ್ನು ಅದರ ಅಪ್ಪನ ತೊಡೆಯ ಮೇಲೆ ಕೂರಿಸಿ, ಕತ್ತರಿ ಹಾಕಲು ಕ್ಷೌರದವರಿಗೆ ಸನ್ನೆ ಮಾಡಿದಳು. ಸರ್ ಮತ್ತು ನಾನು ಒಬ್ಬರ ಮುಖ ಒಬ್ಬರು ನೋಡದೆ ಅಂಗಳದ ಅಂಚಿಗೆ ಸರಿದು ನಿಂತೆವು.